ನೆಲದ ಮೇಲಿನ ನೌಕೆ

ಕಳೆದ ಚಳಿಗಾಲದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ದೀರ್ಘವಾದ ಮಿಂಚಂಚೆ ಬಂದಿತು. ಹೆಸರು ಬರೆಯುವುದಿಲ್ಲ; ಅವನ ತರಗತಿಯವರು ಓದುತ್ತಿದ್ದಂತೆಯೇ ಊಹಿಸಿಬಿಡುತ್ತೀರಿ. ಕೊನೆಯ ಬೆಂಚಿನಲ್ಲಿ ಕುಳಿತು ಇತಿಹಾಸದ ಇಸವಿಗಳನ್ನು ಏಕೆ ಕಲಿಯಬೇಕೆಂದು ನನ್ನನ್ನು ಪ್ರತಿ ತಿಂಗಳೂ ಕೇಳುತ್ತಿದ್ದವನು. ಈಗ ಅವನು ಕೇಳಿದ ಪ್ರಶ್ನೆ ಬೇರೆ. ಅವನು ಒಂದು ಹಳೆಯ ಕ್ಯಾರವಾನ್ ಕೊಂಡಿದ್ದ. ಬಿರುಗಾಳಿಯ ಒಂದು ರಾತ್ರಿ ಅದರ ಛಾವಣಿಯ ಗವಾಕ್ಷಿ ಕಿತ್ತುಹೋಗಿ ಒಳಗೆಲ್ಲ ಮಳೆನೀರು ತುಂಬಿತ್ತು. ವಿಮಾ ಕಂಪನಿಯವರು ಗವಾಕ್ಷಿಯ ಬೆಲೆಯನ್ನು ಕೊಟ್ಟರು. ಕೊಳೆತ ಗೋಡೆಯ ದುರಸ್ತಿಗೆ ಒಂದು ಕಾಸನ್ನೂ ಕೊಡಲಿಲ್ಲ. "ಇದು ಬಹಳ ದಿನಗಳಿಂದ ಸೋರಿ ಕೊಳೆತದ್ದು, ಬಿರುಗಾಳಿಯಿಂದ ಆದದ್ದಲ್ಲ" ಎಂದು ಪರಿಶೀಲಕರು ಬರೆದರಂತೆ. "ಇದು ಹಗಲುದರೋಡೆಯಲ್ಲವೇ ಸಾರ್?" ಎಂಬುದು ಅವನ ಪ್ರಶ್ನೆ.

ನಾನು ವಕೀಲನಲ್ಲ, ಕ್ಯಾರವಾನಿನಲ್ಲಿ ಒಂದು ರಾತ್ರಿಯೂ ಮಲಗಿದವನಲ್ಲ. ಆದರೆ ಇತಿಹಾಸದ ಮೇಷ್ಟರಿಗೆ ಇಂತಹ ಪ್ರಶ್ನೆ ಸಿಕ್ಕರೆ ಸುಮ್ಮನಿರಲಾಗುವುದಿಲ್ಲ. ಹುಡುಕುತ್ತ ಹೋದಂತೆ ನನಗೆ ಕಂಡದ್ದಿಷ್ಟು: ಅವನಿಗೆ ಹಣ ನಿರಾಕರಿಸಿದ ಆ ಒಂದು ಸಾಲು ಕ್ಯಾರವಾನಿಗಾಗಿ ಹುಟ್ಟಿದ್ದೇ ಅಲ್ಲ. ಅದು ಹಾಯಿಹಡಗುಗಳ ಕಾಲದ್ದು.

ಊರಿನಲ್ಲಿರುವ ಬಂಧುಗಳಿಗಾಗಿ ಮೊದಲು ಒಂದು ಮಾತು. ಬ್ರಿಟನ್ನಿನವರು ಕ್ಯಾರವಾನ್ ಎನ್ನುವುದು ನಮ್ಮಲ್ಲಿ ಈಚೆಗೆ ಕಾಣುತ್ತಿರುವ, ಹಾಸಿಗೆ ಜೋಡಿಸಿದ ವ್ಯಾನಿನಂಥದ್ದಲ್ಲ. ಅದಕ್ಕೆ ಎಂಜಿನ್ ಇಲ್ಲ. ಎರಡೋ ನಾಲ್ಕೋ ಚಕ್ರಗಳ ಮೇಲೆ ಕಟ್ಟಿದ ಪುಟ್ಟ ಮನೆ. ಅಡಿಗೆ ಒಲೆ, ಹಾಸಿಗೆ, ಶೌಚಾಲಯ ಎಲ್ಲವೂ ಉಂಟು. ಕಾರಿನ ಹಿಂದಿನ ಗುಂಡಿನಾಕಾರದ ಕೊಕ್ಕೆಗೆ ಅದನ್ನು ಸಿಕ್ಕಿಸಿ ಎಳೆದುಕೊಂಡು ಹೋಗುತ್ತಾರೆ. ಭಾರವಾದ ಬಂಡಿಯನ್ನು ಎಳೆಯಲು 1997ರ ನಂತರ ಪರವಾನಗಿ ಪಡೆದವರು ಅಲ್ಲಿ ಪ್ರತ್ಯೇಕ ಪರೀಕ್ಷೆ ಕೊಡಬೇಕಾಗಿತ್ತು. 2021ರ ಡಿಸೆಂಬರಿನಲ್ಲಿ ಆ ಕಟ್ಟಳೆಯನ್ನು ತೆಗೆದುಹಾಕಿದರು. ನನ್ನ ಶಿಷ್ಯನೂ ಆಮೇಲೆಯೇ ಕೊಂಡದ್ದು.

ಇಂತಹ ಮನೆಯನ್ನು ವಿಹಾರಕ್ಕಾಗಿಯೇ ಕಟ್ಟಿಸಿದವರಲ್ಲಿ ಮೊದಲಿಗನೆಂದು ಹೆಸರಾದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನವನು, ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ನಿವೃತ್ತನಾದ ಮೇಲೆ ಹುಡುಗರಿಗಾಗಿ ಸಾಹಸಕಥೆಗಳನ್ನು ಬರೆಯುತ್ತಿದ್ದವನು. ಅದಕ್ಕೂ ಮೊದಲು ಬಂಡಿಯಲ್ಲಿ ಸಂಸಾರ ಮಾಡಿದವರಿರಲಿಲ್ಲವೆಂದಲ್ಲ. ರೋಮಾನಿ ಜನರೂ ಜಾತ್ರೆಯ ಆಟದವರೂ ಮೊದಲೇ ಕುದುರೆ ಎಳೆಯುವ ಮನೆಗಳಲ್ಲಿ ಬಾಳುತ್ತಿದ್ದರು. ಅವರಿಗೆ ಅದು ಹೊಟ್ಟೆಪಾಡು, ವಿಹಾರವಲ್ಲ. ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್ ನಗರದ ಬಂಡಿ ಕಾರ್ಖಾನೆಯೊಂದರಲ್ಲಿ ಮಹಾಗನಿ ಮರದ ಸುಂದರ ಬಂಡಿಯನ್ನು ಮಾಡಿಸಿ, 'ವಾಂಡರರ್' ಎಂದು ಹೆಸರಿಟ್ಟ. ಎರಡು ಕುದುರೆಗಳನ್ನು ಕಟ್ಟಿ, ಬರ್ಕ್‌ಶೈರಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಜೊತೆಗೆ ಒಬ್ಬ ಸಾರಥಿ, ಮುಂದೆ ಮುಂದೆ ಮೂರು ಚಕ್ರದ ಸೈಕಲ್ಲಿನಲ್ಲಿ ಹೋಗಿ ದಾರಿ ತೆರವು ಮಾಡಿಸುವ ಒಬ್ಬ ಸೇವಕ, ಒಂದು ದೊಡ್ಡ ನಾಯಿ, ಒಂದು ಮಾತನಾಡುವ ಹಕ್ಕಿ! ಮರುವರ್ಷವೇ ಈ ಯಾತ್ರೆಯ ಪುಸ್ತಕ ಹೊರಬಂದಿತು. ಅದರ ಹೆಸರಿನಲ್ಲಿ ಅವನು ತನ್ನ ಬಂಡಿಯನ್ನು ಕರೆದಿರುವುದು 'ನೆಲದ ವಿಹಾರನೌಕೆ' ಎಂಬ ಅರ್ಥದ ಮಾತಿನಿಂದ. ನೌಕಾಪಡೆಯ ಮನುಷ್ಯನಿಗೆ ಬೇರೆ ಉಪಮೆ ಹೊಳೆಯುವುದು ಕಷ್ಟವೇ. ಆ ಉಪಮೆ ಎಷ್ಟು ದೂರ ನಿಜವಾಗುವುದೆಂದು ಮಾತ್ರ ಅವನಿಗೂ ತಿಳಿದಿರಲಿಕ್ಕಿಲ್ಲ.

1907ರಲ್ಲಿ ಇಂತಹ ಹವ್ಯಾಸಿಗಳು ಸೇರಿ ಕ್ಯಾರವಾನ್ ಕ್ಲಬ್ ಕಟ್ಟಿಕೊಂಡರು. ಮರುವರ್ಷ, 1908ರಲ್ಲಿ, ಕೆನೆತ್ ಗ್ರಹಾಂ ಅವರ ಮಕ್ಕಳ ಕಾದಂಬರಿ 'ದಿ ವಿಂಡ್ ಇನ್ ದ ವಿಲ್ಲೋಸ್' ಬಂದಿತು. ಕಪ್ಪೆರಾಯನೊಬ್ಬ ಹಳದಿ ಬಣ್ಣದ ಹೊಸ ಕ್ಯಾರವಾನಿನಲ್ಲಿ ಹೊರಟು ಮೂರನೆಯ ದಿನವೇ, ಭರ್ರನೆ ಬಂದ ಮೋಟಾರು ಕಾರಿಗೆ ಕುದುರೆ ಬೆದರಿ, ಬಂಡಿ ಹಳ್ಳಕ್ಕೆ ಬಿದ್ದು ಚೂರಾಗುವ ಪ್ರಸಂಗ ಅದರಲ್ಲಿದೆ. ಪರಿಹಾರ ಕೇಳುವ ಯೋಚನೆಯನ್ನೂ ಮಾಡದೆ ಅವನು ಕಾರಿಗೇ ಮರುಳಾಗುತ್ತಾನೆ. ಇಡೀ ಬ್ರಿಟನ್ನಿಗೆ ಆದದ್ದೂ ಅದೇ. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕ್ಲೆಸ್ ಸಂಸ್ಥೆ ಕಾರು ಎಳೆಯುವ ಕ್ಯಾರವಾನುಗಳನ್ನು ಕಟ್ಟಲು ತೊಡಗಿತು. ಎರಡನೆಯ ಮಹಾಯುದ್ಧದ ನಂತರ ಸ್ಯಾಮ್ ಆಲ್ಪರ್ ಎಂಬ ಉದ್ಯಮಿ 'ಸ್ಪ್ರೈಟ್' ಎಂಬ ಅಗ್ಗದ ಕ್ಯಾರವಾನುಗಳನ್ನು ಮಾಡಿ, ಶ್ರೀಮಂತರ ಆಟಿಕೆಯನ್ನು ಸಾಮಾನ್ಯ ಸಂಸಾರಸ್ಥರ ಅಂಗಳಕ್ಕೆ ತಂದ. (ಇದೇ ಮನುಷ್ಯ 1958ರಲ್ಲಿ 'ಲಿಟ್ಲ್ ಷೆಫ್' ಎಂಬ ಹೆದ್ದಾರಿ ಉಪಾಹಾರ ಗೃಹಗಳನ್ನೂ ಆರಂಭಿಸಿದ. ಮಲಗಲು ಮನೆ ಕೊಟ್ಟವನೇ ದಾರಿಯಲ್ಲಿ ಊಟವನ್ನೂ ಕೊಟ್ಟ.)

ಈಗ ವಿಮೆಗೆ ಬರೋಣ. ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿ ಅಂಗಡಿಯಿತ್ತು. ಅದರ ಮೊದಲ ಉಲ್ಲೇಖ 1688ರದು. ನಾವಿಕರೂ ವರ್ತಕರೂ ಅಲ್ಲಿ ಸೇರಿ ಕಾಫಿ ಕುಡಿಯುತ್ತ ಹಡಗುಗಳ ಸುದ್ದಿ ಹೇಳಿಕೊಳ್ಳುತ್ತಿದ್ದರು. ಹಡಗು ಮುಳುಗಿದರೆ ನಷ್ಟದಲ್ಲಿ ತಾವಿಷ್ಟು ಪಾಲು ಹೊರುತ್ತೇವೆಂದು ಹಣವಂತರು ಕಾಗದದ ಕೆಳಗೆ ಸಹಿ ಹಾಕುತ್ತಿದ್ದರು. ಅಲ್ಲಿಂದ ಮುಂದೆ ಎರಡು ಶತಮಾನಗಳ ಕಾಲ ನ್ಯಾಯಾಲಯಗಳಲ್ಲಿ ಬೆಳೆದ ಪದ್ಧತಿಯನ್ನೆಲ್ಲ ಕ್ರೋಡೀಕರಿಸಿ 1906ರಲ್ಲಿ ಬ್ರಿಟಿಷ್ ಸಂಸತ್ತು ನೌಕಾ ವಿಮಾ ಕಾಯಿದೆಯನ್ನು ಮಾಡಿತು. ಇಸವಿಯನ್ನು ಗಮನಿಸಿ: ಕ್ಯಾರವಾನ್ ಕ್ಲಬ್ಬಿಗೆ ಒಂದೇ ವರ್ಷ ಮೊದಲು. ಆ ಕಾಯಿದೆಯ 55ನೆಯ ಕಲಮು ವಿಮೆಗಾರನು ಯಾವ ನಷ್ಟಕ್ಕೆ ಹೊಣೆಯಲ್ಲವೆಂಬುದನ್ನು ಹೇಳುತ್ತದೆ. ಬಳಕೆಯಿಂದಾಗುವ ಸಹಜ ಸವಕಳಿ, ಸಾಮಾನ್ಯ ಸೋರಿಕೆ ಮತ್ತು ಒಡಕು, ವಸ್ತುವಿನ ಒಳಗೇ ಇರುವ ದೋಷ ಅಥವಾ ಅದರ ಸ್ವಭಾವ, ಕೊನೆಗೆ ಇಲಿಗಳು ಮತ್ತು ಕ್ರಿಮಿಕೀಟಗಳು! ಬೇರೆ ಒಪ್ಪಂದವಿಲ್ಲದಿದ್ದರೆ ಇವುಗಳಿಂದಾದ ಹಾನಿಯನ್ನು ಒಡೆಯನೇ ಹೊರಬೇಕು. ಇಲಿಗಳ ಮಾತನ್ನು ಓದಿ ನಾನು ನಕ್ಕೆ. ಆಮೇಲೆ ಯೋಚಿಸಿದಾಗ ನಗು ನಿಂತಿತು. ಚಳಿಗಾಲದಲ್ಲಿ ನಿಲ್ಲಿಸಿಟ್ಟ ಕ್ಯಾರವಾನಿನ ದಿಂಬುಗಳಲ್ಲಿ ಗೂಡು ಕಟ್ಟುವುದು ಇಲಿಗಳೇ, ಗೋಡೆಯನ್ನು ಕೊಳೆಯಿಸುವುದು ಸೋರಿಕೆಯೇ, ಟೈರನ್ನು ಸೀಳಿಸುವುದು ಸವಕಳಿಯೇ. ಒಡೆಯನೇ ಹೊರಬೇಕಾದ ಹಡಗಿನ ಶತ್ರುಗಳ ಆ ಪಟ್ಟಿ, ಹೆಚ್ಚೇನೂ ಬದಲಾಗದೆ, ಇಂದು ಕ್ಯಾರವಾನಿನ ವಿಮಾಪತ್ರದ ಸಣ್ಣಕ್ಷರಗಳಲ್ಲಿ ಕುಳಿತಿದೆ.

ಇದರ ಹಿಂದೆ ಒಂದು ತರ್ಕವಿದೆ. ವಿಮೆಯೆಂಬುದು ಆಗಬಹುದಾದುದಕ್ಕೆ, ಆಗಿಯೇ ತೀರುವುದಕ್ಕಲ್ಲ. ಬಿರುಗಾಳಿ ಬರಬಹುದು, ಬಾರದಿರಬಹುದು. ಕಳ್ಳ ಬರಬಹುದು, ಬಾರದಿರಬಹುದು. ಮರಕ್ಕೆ ನೀರು ತಗಲುತ್ತಿದ್ದರೆ ಅದು ಕೊಳೆತೇ ಕೊಳೆಯುತ್ತದೆ. ನಮ್ಮ ದೇಶದ 1963ರ ನೌಕಾ ವಿಮಾ ಕಾಯಿದೆಯಲ್ಲಿಯೂ ಇದೇ 55ನೆಯ ಕಲಮು ಇದೆ. ನಮ್ಮ ಕಾರಿನ ವಿಮಾಪತ್ರಗಳೂ ಸವಕಳಿಯನ್ನು ಹೊರಗಿಡುತ್ತವೆ. ಆದುದರಿಂದ ಶಿಷ್ಯನಿಗೆ ನಾನು ಬರೆದೆ: ಹಗಲುದರೋಡೆ ಎನ್ನಲಾರೆ, ಆದರೆ ನಿನಗೆ ಇದನ್ನು ಮಾರಿದವರು ಮೊದಲೇ ಬಾಯಿಬಿಟ್ಟು ಹೇಳಬೇಕಾಗಿತ್ತು, ಹೇಳಲಿಲ್ಲ. ಅವನಿಗೆ ಸಮಾಧಾನವಾಗಲಿಲ್ಲ. "ಹಾಗಾದರೆ ನಾನೇನು ಮಾಡಬೇಕಿತ್ತು?" ಎಂದು ಮತ್ತೆ ಕೇಳಿದ. ಇದಕ್ಕೆ ಉತ್ತರ ಬರೆಯಲು ನನಗೆ ಎರಡು ವಾರ ಹಿಡಿಯಿತು.

ಕ್ಯಾರವಾನಿನ ನಿರ್ವಹಣೆಯಲ್ಲಿ ಮುಕ್ಕಾಲು ಪಾಲು ನೀರಿನೊಡನೆ ಹೋರಾಟ. ಹಡಗಿನಂತೆಯೇ! ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ರಾಳ ಹಚ್ಚುತ್ತಿದ್ದರು. ಕ್ಯಾರವಾನಿನ ತಗಡುಗಳು ಕೂಡುವ ಅಂಚುಗಳಲ್ಲಿ, ಕಿಟಕಿ ಮತ್ತು ಗವಾಕ್ಷಿಗಳ ಸುತ್ತ, ಮೇಲಾಪು ಕಟ್ಟುವ ಪಟ್ಟಿಯ ಸ್ಕ್ರೂಗಳ ಕೆಳಗೆ ಅಂಟಿನಂತಹ ಲೇಪವಿರುತ್ತದೆ. ಬಿಸಿಲು ಚಳಿಗಳಿಗೆ ಅದು ಒಣಗಿ ಬಿರಿಯುತ್ತದೆ. ಕೂದಲೆಳೆಯ ಬಿರುಕು ಸಾಕು. ಹೊರಗೆ ಅಲ್ಯೂಮಿನಿಯಂ ತಗಡು, ನಡುವೆ ಹಗುರವಾದ ಪಾಲಿಸ್ಟೈರೀನ್, ಒಳಗೆ ತೆಳುವಾದ ಪ್ಲೈವುಡ್, ಅಲ್ಲಲ್ಲಿ ಮರದ ಚೌಕಟ್ಟು. ನೀರು ಒಳಗೆ ಇಳಿದರೆ ವರ್ಷಗಳ ಕಾಲ ಹೊರಗೆ ಕಾಣಿಸುವುದೇ ಇಲ್ಲ. ಕಾಣಿಸುವಾಗ ಗೋಡೆ ಬೆರಳಿಗೆ ಮೆತ್ತಗೆ ಸಿಗುತ್ತದೆ. ಅದಕ್ಕಾಗಿಯೇ ತೇವವನ್ನು ಅಳೆಯುವ ಪುಟ್ಟ ಯಂತ್ರವಿದೆ. ಮೂಲೆಗಳಲ್ಲಿ, ಕಿಟಕಿಯ ಕೆಳಗೆ, ಅಲಮಾರಿಗಳ ಒಳಗೆ ಇಟ್ಟು ನೋಡಬೇಕು. ಶೇಕಡ 15ರ ಕೆಳಗಿದ್ದರೆ ಚಿಂತೆಯಿಲ್ಲ. 15ರಿಂದ 20ರವರೆಗೆ ಕಣ್ಣಿಟ್ಟಿರಬೇಕು. 20 ದಾಟಿದರೆ ಎಲ್ಲಿಂದಲೋ ನೀರು ಬರುತ್ತಿದೆಯೆಂದು ತಿಳಿಯಬೇಕು. ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಿದರೆ ಈ ಅಂಕಿಗಳನ್ನು ನಕ್ಷೆಯ ಮೇಲೆ ಬರೆದು ಕೊಡುತ್ತಾರೆ. ಆ ಕಾಗದವನ್ನು ಬಿಸಾಡಬಾರದು. ತಯಾರಕರು ನೀಡುವ ಸೋರಿಕೆಯ ಖಾತರಿ ಉಳಿಯುವುದು ಈ ವಾರ್ಷಿಕ ತಪಾಸಣೆಯ ದಾಖಲೆಯಿಂದ; ನಾಳೆ ಬಿರುಗಾಳಿಯಲ್ಲಿ ಹಾನಿಯಾದರೆ "ನಿನ್ನೆಯವರೆಗೆ ಗೋಡೆ ಒಣಗಿತ್ತು" ಎಂದು ಸಾಕ್ಷಿ ಹೇಳುವುದೂ ಅದೇ. ನನ್ನ ಶಿಷ್ಯನ ಬಳಿ ಇಲ್ಲದಿದ್ದದ್ದು ಈ ಒಂದು ಕಾಗದ. ಗೋಡೆ ಅವನು ಕೊಳ್ಳುವ ಮೊದಲೇ ಕೊಳೆತಿತ್ತೋ ಏನೋ. ಕೊಳ್ಳುವ ದಿನ ಅಳೆದು ನೋಡಿದವರೇ ಇರಲಿಲ್ಲ.

ಚಳಿಗಾಲ ಇನ್ನೊಂದು ಪರೀಕ್ಷೆ. ನೀರು ಹೆಪ್ಪುಗಟ್ಟಿದಾಗ ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆಂದು ವಿಜ್ಞಾನದ ಮೇಷ್ಟರು ನಿಮಗೆ ಕಲಿಸಿರುತ್ತಾರೆ. ಕೊಳವೆಯಲ್ಲೋ ನೀರು ಕಾಯಿಸುವ ಪಾತ್ರೆಯಲ್ಲೋ ನೀರು ಉಳಿದರೆ ವಸಂತದಲ್ಲಿ ಅದು ಒಡೆದಿರುತ್ತದೆ. ಎಲ್ಲವನ್ನೂ ಬಸಿದು ನಲ್ಲಿಗಳನ್ನು ತೆರೆದಿಡಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಕೈಬ್ರೇಕನ್ನು ಸಡಿಲಿಸಿಡಬೇಕು. ಇಲ್ಲದಿದ್ದರೆ ತಿಂಗಳುಗಟ್ಟಲೆ ಒತ್ತಿಕೊಂಡ ಬ್ರೇಕು ಹಾಗೆಯೇ ಕಚ್ಚಿಕೊಂಡು ಬಿಡುತ್ತದೆ. ರೆಫ್ರಿಜರೇಟರಿನ ಬಾಗಿಲನ್ನು ತುಸು ತೆರೆದಿಡಬೇಕು. ಅನಿಲದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ. ಆದುದರಿಂದ ಚಳಿಯಲ್ಲಿ ಹೋಗುವವರಿಗೆ ಪ್ರೊಪೇನೇ ಗತಿ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚುವವರಿದ್ದಾರೆ. ಅವು ಶೋಭೆಗಾಗಿ ಇಟ್ಟವಲ್ಲ. ಮುಚ್ಚಿದ ಕೋಣೆಯಲ್ಲಿ ಒಲೆಯುರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಅದನ್ನು ಪತ್ತೆಹಚ್ಚುವ ಗಂಟೆಯೊಂದನ್ನು ಗೋಡೆಗೆ ಹಾಕಿಸಿಕೊಳ್ಳೆಂದು ನಾನು ಶಿಷ್ಯನಿಗೆ ಮೇಷ್ಟರ ಧ್ವನಿಯಲ್ಲಿಯೇ ಬರೆದೆ.

ಟೈರುಗಳ ಬಗ್ಗೆ ಒಂದು ವಿಚಿತ್ರ. ಕಾರಿನ ಟೈರು ಓಡಿ ಸವೆಯುತ್ತದೆ; ಕ್ಯಾರವಾನಿನದು ನಿಂತೇ ಮುದಿಯಾಗುತ್ತದೆ. ಅಚ್ಚು ಹೊಸದರಂತೆ ಕಂಡರೂ ಪಕ್ಕದ ರಬ್ಬರು ಬಿರಿದಿರುತ್ತದೆ. ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 3219 ಎಂದಿದ್ದರೆ 2019ರ 32ನೆಯ ವಾರ. ಐದು ವರ್ಷಕ್ಕೆ ಬದಲಿಸುವುದು ಒಳ್ಳೆಯದು, ಏಳು ವರ್ಷ ದಾಟಿಸಲೇಬಾರದು ಎಂಬುದು ತಿಳಿದವರ ಮಾತು.

ನಮ್ಮ ಹಳ್ಳಿಯ ಎತ್ತಿನ ಗಾಡಿಗಳಲ್ಲಿ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಕಿರ್ರೆನ್ನುವ ಕಡೆ ಎಣ್ಣೆ ಹಾಕು ಎಂಬುದು ನಮ್ಮ ರಕ್ತದಲ್ಲಿದೆ. ನನ್ನ ಶಿಷ್ಯನೂ ರೈತರ ಮನೆಯವನೇ. ಕೊಕ್ಕೆಯ ಗುಂಡು ಕಿರುಗುಟ್ಟಿತೆಂದು ಚೆನ್ನಾಗಿ ಗ್ರೀಸು ಮೆತ್ತಿದನಂತೆ. ಬಂಡಿ ಅತ್ತಿತ್ತ ತೂಗಾಡದಂತೆ ಘರ್ಷಣೆಯಿಂದ ಹಿಡಿದಿಡುವ ಕೊಕ್ಕೆಗಳಲ್ಲಿ ಗುಂಡು ಸಂಪೂರ್ಣ ಒಣಗಿರಬೇಕು. ಗ್ರೀಸು ಹಚ್ಚಿದರೆ ಹಿಡಿತವೇ ತಪ್ಪುತ್ತದೆ. ಅಂತಹ ಏರ್ಪಾಡಿಲ್ಲದ ಸಾದಾ ಕೊಕ್ಕೆಗೆ ಮಾತ್ರ ಗ್ರೀಸು ಬೇಕು. ಅವನದು ಘರ್ಷಣೆಯ ಬಗೆಯದು. ಹೆದ್ದಾರಿಯಲ್ಲಿ ಏನೂ ಆಗದಿದ್ದದ್ದು ಪೂರ್ವಪುಣ್ಯ. ತೂಗಾಟಕ್ಕೆ ಇನ್ನೊಂದು ಕಾರಣ ಸಾಮಾನು ಜೋಡಿಸುವ ರೀತಿ: ಭಾರವಾದವು ಕೆಳಗೆ, ಅಚ್ಚಿನ ಮೇಲೆ, ಮೂತಿಯ ಭಾರ ಬಂಡಿಯ ಒಟ್ಟು ತೂಕದ ಶೇಕಡ 5ರಿಂದ 7. ಹೊಸಬರು ಕಾರಿನ ತೂಕದ ಶೇಕಡ 85ಕ್ಕಿಂತ ಹೆಚ್ಚು ತೂಗುವ ಬಂಡಿಯನ್ನು ಎಳೆಯಬಾರದೆಂದು ಅಲ್ಲಿನ ಸಂಘಗಳು ಹೇಳುತ್ತವೆ. ಮಿತಿಮೀರಿದ ಭಾರ ಹೇರಿ ಅಪಘಾತವಾದರೆ ವಿಮೆಯವರು ಮೊದಲು ಕೇಳುವುದು ತೂಕದ ಲೆಕ್ಕವನ್ನೇ.

ಕಾನೂನಿನ ಕಣ್ಣಿನಲ್ಲಿ ಈ ಬಂಡಿ ಒಂದು ಅರೆಜೀವಿ. ಬ್ರಿಟನ್ನಿನಲ್ಲಿ ಮೋಟಾರು ವಾಹನಗಳಿಗೆ ಮೂರನೆಯವರ ಹಾನಿಯ ವಿಮೆ ಕಡ್ಡಾಯವಾದದ್ದು 1930ರ ಕಾಯಿದೆಯಿಂದ, ನಮ್ಮಲ್ಲಿ 1946ರಿಂದ. ಕ್ಯಾರವಾನ್ ಮೋಟಾರಲ್ಲವಲ್ಲ! ಅದಕ್ಕೆ ಅಲ್ಲಿ ಸರ್ಕಾರಿ ನೋಂದಣಿಯಿಲ್ಲ, ಸ್ವಂತ ಸಂಖ್ಯಾಫಲಕವಿಲ್ಲ, ಎಳೆಯುವ ಕಾರಿನ ಸಂಖ್ಯೆಯನ್ನೇ ಬೆನ್ನಿಗೆ ಹೊತ್ತುಕೊಳ್ಳುತ್ತದೆ. ಅದಕ್ಕೆ ಪ್ರತ್ಯೇಕ ವಿಮೆ ಕಡ್ಡಾಯವೂ ಅಲ್ಲ. ಎಳೆಯುತ್ತಿರುವಾಗ ಅದು ಇನ್ನೊಬ್ಬರಿಗೆ ತಾಗಿ ಹಾನಿ ಮಾಡಿದರೆ ಸಾಮಾನ್ಯವಾಗಿ ಕಾರಿನ ವಿಮೆ ಹೊರುತ್ತದೆ. ಕ್ಯಾರವಾನಿಗೇ ಆದ ಪೆಟ್ಟನ್ನಾಗಲಿ ಕಳ್ಳತನವನ್ನಾಗಲಿ ಹೊರುವುದಿಲ್ಲ. ಅನೇಕರು ತಿಳಿಯದೆ ಹಾಗೆಯೇ ಓಡಾಡುತ್ತಾರೆ. ನೋಂದಣಿಯಿಲ್ಲದ ವಸ್ತು ಕಳ್ಳರಿಗೆ ಪ್ರಿಯ. ಅದಕ್ಕಾಗಿ 1992ರಲ್ಲಿ ಉದ್ಯಮದವರೇ 17 ಅಕ್ಷರಾಂಕಿಗಳ ಗುರುತನ್ನು ಕಿಟಕಿಗಳ ಮೇಲೆ ಕೊರೆಯುವ ಏರ್ಪಾಡನ್ನು ಆರಂಭಿಸಿದರು. ಕೊಕ್ಕೆಗೆ ಬೀಗ, ಚಕ್ರಕ್ಕೆ ಬೀಗ ಎಂದು ವಿಮಾಪತ್ರದಲ್ಲಿ ಬರೆದಿದ್ದರೆ ಅದು ಸಲಹೆಯಲ್ಲ, ಷರತ್ತು. ಬೀಗದ ರಸೀದಿಯನ್ನೂ ಕಾಪಾಡಬೇಕು.

ಮೊತ್ತದ ವಿಷಯದಲ್ಲಿಯೂ ಹಡಗಿನ ಕಾಯಿದೆಯೇ ಗುರು. ಇಪ್ಪತ್ತು ಸಾವಿರ ಪೌಂಡು ಬೆಲೆಯ ಬಂಡಿಗೆ ಕಂತು ಉಳಿಸಲೆಂದು ಹತ್ತು ಸಾವಿರಕ್ಕೆ ವಿಮೆ ಮಾಡಿಸಿದಿರೆನ್ನಿ. ನಾಲ್ಕು ಸಾವಿರದ ಹಾನಿಯಾದರೆ ನಾಲ್ಕೂ ಸಿಗುವುದೆಂದು ನಾವು ತಿಳಿಯುತ್ತೇವೆ. ಸಿಗುವುದು ಎರಡು. ಉಳಿದ ಅರ್ಧಕ್ಕೆ ನೀವೇ ನಿಮ್ಮ ವಿಮೆಗಾರರೆಂದು ಹಡಗಿನ ಕಾಯಿದೆಯ ಲೆಕ್ಕ. ಇದೇ ಅನುಪಾತದ ನಿಯಮವನ್ನು ಇತರ ಅನೇಕ ವಿಮಾಪತ್ರಗಳೂ ಬರೆದುಕೊಂಡಿವೆ. ಹಳೆಯದರ ಬದಲು ಹೊಸದನ್ನು ಕೊಡುವ ವಿಮೆ ಒಂದು ಬಗೆ, ಅಂದಿನ ಪೇಟೆಯ ಬೆಲೆ ಕೊಡುವುದು ಇನ್ನೊಂದು ಬಗೆ. ಯಾವುದಕ್ಕೆ ಸಹಿ ಹಾಕಿದ್ದೇವೆಂದು ಮೊದಲೇ ನೋಡಿಕೊಳ್ಳಬೇಕು.

ಇನ್ನು ಸತ್ಯ ಹೇಳುವ ವಿಚಾರ. ಇದರ ಮೂಲಕಥೆ ಸುಮಾತ್ರದ್ದು. ಈಸ್ಟ್ ಇಂಡಿಯಾ ಕಂಪನಿಯ ಮಾರ್ಲ್‌ಬರೋ ಕೋಟೆಯ ಗವರ್ನರ್ ಜಾರ್ಜ್ ಕಾರ್ಟರ್, ಕೋಟೆಯನ್ನು ಯೂರೋಪಿನ ಶತ್ರುಗಳು ಹಿಡಿದರೆ ತನಗಾಗುವ ನಷ್ಟಕ್ಕೆ ಲಂಡನ್ನಿನಲ್ಲಿ ವಿಮೆ ಮಾಡಿಸಿದ್ದ. 1760ರಲ್ಲಿ ಫ್ರೆಂಚರು ಹಿಡಿದೇಬಿಟ್ಟರು. ಕೋಟೆ ದುರ್ಬಲವೆಂಬುದನ್ನು ಮುಚ್ಚಿಟ್ಟನೆಂದು ವಿಮೆಗಾರ ಬೋಮ್ ಹಣ ಕೊಡಲೊಪ್ಪಲಿಲ್ಲ. 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ವಿಮೆಯಲ್ಲಿ ಇಬ್ಬರೂ ಸದ್ಭಾವದಿಂದ ನಡೆಯಬೇಕೆಂಬ ತತ್ತ್ವವನ್ನು ಹೇಳಿ, ತೀರ್ಪನ್ನು ಕೊಟ್ಟದ್ದು ಮಾತ್ರ ಕಾರ್ಟರನ ಪರವಾಗಿ: ಆ ಕೋಟೆಯ ಸ್ಥಿತಿ ವಿಮೆಗಾರನೂ ಕೇಳಿ ತಿಳಿಯಬಹುದಾಗಿದ್ದ ಸಂಗತಿ. ವಿಚಿತ್ರವೆಂದರೆ ಮುಂದಿನ ಎರಡು ಶತಮಾನ ವಿಮೆಗಾರರು ಈ ತತ್ತ್ವವನ್ನು ಗಿರಾಕಿಯ ವಿರುದ್ಧವೇ ಹೆಚ್ಚಾಗಿ ಝಳಪಿಸಿದರು. ಕೇಳದಿದ್ದನ್ನೂ ನೀನಾಗಿಯೇ ಹೇಳಬೇಕಿತ್ತು ಎಂಬಷ್ಟರ ಮಟ್ಟಿಗೆ! 2012ರ ಕಾಯಿದೆ ಬ್ರಿಟನ್ನಿನ ಸಾಮಾನ್ಯ ಗಿರಾಕಿಯನ್ನು ಆ ಹೊರೆಯಿಂದ ಬಿಡಿಸಿತು. ಕೇಳಿದ್ದಕ್ಕೆ ಎಚ್ಚರದಿಂದ ನಿಜ ಹೇಳಿದರೆ ಸಾಕು. 2016ರ ಆಗಸ್ಟಿನಲ್ಲಿ ಜಾರಿಗೆ ಬಂದ 2015ರ ವಿಮಾ ಕಾಯಿದೆ ಇನ್ನೊಂದು ಉಪಕಾರ ಮಾಡಿತು. ಮುರಿದ ಷರತ್ತಿಗೂ ಆದ ನಷ್ಟಕ್ಕೂ ಸಂಬಂಧವಿರಲು ಸಾಧ್ಯವೇ ಇಲ್ಲವಾದರೆ ಅದನ್ನು ನೆಪ ಮಾಡಿ ಹಣ ನಿಲ್ಲಿಸುವಂತಿಲ್ಲ. ಕೊಕ್ಕೆಗೆ ಬೀಗವಿರಲಿಲ್ಲವೆಂದು ಬಿರುಗಾಳಿಯ ಪರಿಹಾರವನ್ನು ತಡೆಯಲಾಗದು.

ನನ್ನ ಶಿಷ್ಯನ ಪ್ರಕರಣದಲ್ಲಿ ಇದು ಅನ್ವಯಿಸಲಿಲ್ಲ, ಅವನ ತೊಡಕು ಸೋರಿಕೆಯದು. ಅಲ್ಲಿ ವಿಮೆಯ ದೂರುಗಳನ್ನು ಗಿರಾಕಿಗೆ ಖರ್ಚಿಲ್ಲದೆ ವಿಚಾರಿಸುವ ಹಣಕಾಸು ಓಂಬುಡ್ಸ್‌ಮನ್ ಸಂಸ್ಥೆಯಿದೆ. ಬರೆದು ನೋಡು ಎಂದೆ. ಗೋಡೆಯ ಚಿತ್ರಗಳನ್ನು ತಾನೇ ಮತ್ತೊಮ್ಮೆ ನೋಡಿ, ಕಪ್ಪುಗಟ್ಟಿದ ಹಳೆಯ ಕಲೆಗಳನ್ನು ಕಂಡು, ಬರೆಯದೆ ಬಿಟ್ಟನಂತೆ. ಇದನ್ನು ಅವನು ತಾನಾಗಿಯೇ ನನಗೆ ತಿಳಿಸಿದ್ದು ನನಗೆ ಹೆಮ್ಮೆಯ ಸಂಗತಿ.

ಹೋದ ತಿಂಗಳು ಅವನಿಂದ ಇನ್ನೊಂದು ಪತ್ರ ಬಂದಿದೆ. ಒಂದು ಬದಿಯ ಗೋಡೆಯನ್ನು ತೆಗೆಸಿ ಹೊಸದಾಗಿ ಕಟ್ಟಿಸಿ, ಅಂಚುಗಳಿಗೆಲ್ಲ ಹೊಸ ಲೇಪ ಹಾಕಿಸಿದ್ದಾನೆ. ತೇವ ಅಳೆಯುವ ಯಂತ್ರವನ್ನೂ ಕೊಂಡಿದ್ದಾನೆ. ಮಗಳ ಶಾಲೆಯ ನೋಟುಪುಸ್ತಕದಲ್ಲಿ ಬಂಡಿಯ ನಕ್ಷೆ ಬರೆದು ಪ್ರತಿ ಮೂಲೆಯ ಅಂಕಿಯನ್ನೂ ದಿನಾಂಕದೊಡನೆ ಗುರುತಿಸಿ, ಅದರ ಚಿತ್ರವನ್ನು ನನಗೆ ಕಳುಹಿಸಿದ್ದಾನೆ. ಹಿಂದಿನ ಎಡಮೂಲೆಯಲ್ಲಿ 18 ಇದೆ. ಕೆಂಪು ಮಸಿಯಲ್ಲಿ ಸುತ್ತು ಹಾಕಿದ್ದಾನೆ. ಕೆಳಗೆ ಒಂದು ಪ್ರಶ್ನೆ: "ಆ ನಿಮ್ಮ ಸ್ಟೇಬಲ್ಸ್ ಸಾಹೇಬರ ಬಂಡಿ ಏನಾಯಿತು ಸಾರ್, ಕೊಳೆಯಿತೇ?" ಇಲ್ಲ, ಉಳಿದಿದೆ. ಸ್ಟೇಬಲ್ಸ್ 1910ರಲ್ಲಿ ತೀರಿಕೊಂಡ; 2017ರಲ್ಲಿ ತನ್ನ ಹೆಸರಿಗೆ ಮೋಟಾರು ಮನೆಗಳನ್ನೂ ಸೇರಿಸಿಕೊಂಡ ಆ ಹಳೆಯ ಕ್ಯಾರವಾನ್ ಕ್ಲಬ್ಬಿನವರು 'ವಾಂಡರರ್' ಬಂಡಿಯನ್ನು ಜತನವಾಗಿ ಕಾಪಾಡಿಕೊಂಡು ಬಂದಿದ್ದಾರೆ.